ನನ್ನನ್ನು ಎರಡು ಸಲ ಫೇಲು ಮಾಡಿದ ಅತ್ತೆ

ನನ್ನ ಅತ್ತೆಗೆ ಡಾಕ್ಟರುಗಳನ್ನು ಕಂಡರೆ ಆಗುವುದಿಲ್ಲ. ಇದರಲ್ಲಿರುವ ತೊಡಕು ಒಂದೇ: ಅವರೇ ಡಾಕ್ಟರು, ನಾನೂ ಡಾಕ್ಟರು, ಅವರು ದಿನಾ ಮಾತಾಡುವವರಲ್ಲಿ ಮುಕ್ಕಾಲು ಜನ ಡಾಕ್ಟರುಗಳು! ಅತ್ತೆ ಎಂದ ಕೂಡಲೇ ಗಂಡನ ಅಮ್ಮ ಎಂದುಕೊಂಡು ಕುರ್ಚಿ ಮುಂದಕ್ಕೆಳೆದುಕೊಳ್ಳಬೇಡಿ. ಅಂಥ ಪ್ರಬಂಧ ಬರೆಯುವಷ್ಟು ಧೈರ್ಯ ನನಗಿಲ್ಲ. ಇವರು ನನ್ನ ಅಪ್ಪನ ಅಕ್ಕ. ಹೆಂಗಸರ ಕಾಯಿಲೆಗಳ ತಜ್ಞೆ, ವೈದ್ಯಕೀಯ ಕಾಲೇಜೊಂದರಲ್ಲಿ ಪ್ರೊಫೆಸರಾಗಿದ್ದು ನಿವೃತ್ತರಾದವರು. ನಿವೃತ್ತಿ ಎನ್ನುವುದು ಕಾಲೇಜು ತಿಳಿದುಕೊಂಡದ್ದು. ಅತ್ತೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಉಡುಪಿಯಿಂದ ಕಾರ್ಕಳದವರೆಗೆ ಅರ್ಧ ಜನರನ್ನು ಈ ಲೋಕಕ್ಕೆ ಎಳೆದು ತಂದವರು ಇವರೇ ಎಂದು ನನ್ನ ಅಂದಾಜು. ಒಮ್ಮೆ ಕಾಪುವಿನ ಹತ್ತಿರ ಪೊಲೀಸನೊಬ್ಬ ಇವರ ಸ್ಕೂಟರನ್ನು ನಿಲ್ಲಿಸಿ ಲೈಸೆನ್ಸ್ ಕೇಳಿದ. ಅತ್ತೆ ಲೈಸೆನ್ಸ್ ತೆಗೆಯುತ್ತಾ ಅವನ ಮುಖ ನೋಡಿದರು, ಅಮ್ಮನ ಸೊಂಟನೋವು ಈಗ ಹೇಗುಂಟು ಎಂದು ವಿಚಾರಿಸಿದರು. ಮುಗಿಯಿತು! ಅವನು ಲೈಸೆನ್ಸನ್ನು ಕೈಯಲ್ಲಿ ಹಿಡಿದುಕೊಂಡೇ ಅಮ್ಮನ ಸೊಂಟದಿಂದ ಶುರು ಮಾಡಿ ತಂಗಿಯ ಥೈರಾಯ್ಡಿನವರೆಗೆ ಎಲ್ಲ ಹೇಳಿದ. ಅತ್ತೆ ಹೆಲ್ಮೆಟ್ ತೆಗೆದು ಕೇಳಿಸಿಕೊಂಡರು. ಹಿಂದೆ ಪಡುಬಿದ್ರಿಯವರೆಗೆ ವಾಹನಗಳು ನಿಂತಿದ್ದವು. ಇದು ಉತ್ಪ್ರೇಕ್ಷೆ ಹೌದು, ಆದರೆ ಬಹಳ ಅಲ್ಲ.

ಅವರ ಹೆಗಲಲ್ಲಿ ಯಾವಾಗಲೂ ಒಂದು ಚೀಲ. ಅದರೊಳಗೆ ಹಳೆಯ ರವಿಕೆಗಳ ಬಟ್ಟೆಯಿಂದ ಅವರೇ ಹೊಲಿದು, ಹತ್ತಿ ತುಂಬಿದ ಗರ್ಭಕೋಶ. ಕೆಂಪು ರೇಷ್ಮೆ, ಹಸಿರು ಅಂಚು! ಪಾಠ ಮಾಡಲಿಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ, ಪ್ಲಾಸ್ಟಿಕ್ಕಿನದನ್ನು ಕಂಡರೆ ಹೆಂಗಸರು ಹೆದರುತ್ತಾರೆ ಎಂದು ಅವರ ವಾದ. ಒಮ್ಮೆ ನಮ್ಮ ಮನೆಗೆ ಬಂದವರು ಅದನ್ನು ಮರೆತು ಹೋದರು. ಅಡುಗೆಮನೆಯಲ್ಲಿ ಅದನ್ನು ಕಂಡ ನನ್ನ ಅಮ್ಮ, ಪಾಪ, ಬಿಸಿ ಪಾತ್ರೆ ಇಳಿಸಲು ಯಾರೋ ಹೊಲಿದುಕೊಟ್ಟದ್ದು ಎಂದುಕೊಂಡು ಒಂದು ವಾರ ಪತ್ರೊಡೆ, ಸಾಂಬಾರು, ಕುದಿಯುವ ಗಂಜಿ ಎಲ್ಲವನ್ನೂ ಅದರಲ್ಲೇ ಹಿಡಿದು ಇಳಿಸಿದರು. ವಿಷಯ ತಿಳಿದ ಮೇಲೆ ಅಮ್ಮ ನಾಚಿಕೆಯಿಂದ ಫೋನಿನಲ್ಲಿ ಕ್ಷಮೆ ಕೇಳಿದರೆ ಅತ್ತೆ ಒಂದಿಷ್ಟೂ ಬೇಸರಪಟ್ಟುಕೊಳ್ಳಲಿಲ್ಲ. ಇರಲಿ ಬಿಡಿ, ಅದು ಹುಟ್ಟಿದ್ದೇ ಭಾರ ಹೊರುವುದಕ್ಕೆ ಎಂದರು.

ಇಂಥವರ ಕೈಯಲ್ಲಿ ನನ್ನ ಬಡ್ತಿ ಸಿಕ್ಕಿಬಿದ್ದಿತು ನೋಡಿ!

ನಾನು ಬೇರೊಂದು ಕಾಲೇಜಿನಲ್ಲಿ ಪಾಠ ಮಾಡುವವಳು. ಪ್ರೊಫೆಸರ್ ಆಗಲು ಹನ್ನೆರಡು ವರ್ಷದಿಂದ ಕಾದಿದ್ದೇನೆ. ಸಂದರ್ಶನ ಹತ್ತಿರ ಬಂತು ಎನ್ನುವಾಗ ಕಾಲೇಜಿನವರು ಹೊಸ ಸುತ್ತೋಲೆ ಹೊರಡಿಸಿದರು. ಮಹಿಳೆಯರ ಆರೋಗ್ಯವನ್ನು ಹೇಗೆ ಕಲಿಸಬೇಕು ಎಂಬ ಬಗ್ಗೆ ಅಧ್ಯಾಪಕರೆಲ್ಲರೂ ತರಬೇತಿ ಪಡೆದು ಪಾಸಾಗಬೇಕು; ಇಲ್ಲದವರು ಮುಂದಿನ ವರ್ಷ ಬನ್ನಿ. ಮೂರು ಅವಕಾಶ. ತರಬೇತಿ ಕೊಡುವವರು ಯಾರು? ಹೊರಗಿನಿಂದ ಕರೆಸಿದ ಅನುಭವಿ ತಜ್ಞೆ. ಹೆಸರು ಓದಿದಾಗ ನಾನು ಮನಸ್ಸಿನಲ್ಲೇ ಕುಣಿದೆ. ಸ್ವಂತ ಅತ್ತೆ! ಹುಟ್ಟಿದಾಗ ನನ್ನನ್ನು ಮೊದಲು ಎತ್ತಿಕೊಂಡವರು! ಇನ್ನೇನು ಬೇಕು?

ಎಷ್ಟು ದಡ್ಡಿ ನಾನು.

ಮೊದಲ ದಿನ ಹೋದರೆ ನಮಗೆಲ್ಲ ವಿದ್ಯಾರ್ಥಿಗಳ ಬೆಂಚು. ಹೃದಯದವರು, ಕಿವಿಯವರು, ಮೂಳೆಯವರು, ತಲೆ ನರೆತ ಪ್ರೊಫೆಸರುಗಳೆಲ್ಲ ಮೊಣಕಾಲು ಮಡಚಿ ಕೂತಿದ್ದಾರೆ. ಮೇಲೆ ವೇದಿಕೆಯಲ್ಲಿ ಮೂವರು ಹೆಂಗಸರು. ಎರ್ಮಾಳಿನಿಂದ ಬಂದ ಮೀನು ಮಾರುವ ಅಕ್ಕ, ಕಾರ್ಕಳದಲ್ಲಿ ಬೀಡಿ ಕಟ್ಟುವ ಒಬ್ಬರು ಅಜ್ಜಿ, ಮಣಿಪಾಲದಲ್ಲಿ ಕಟ್ಟಡದ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದು ನೆಲೆಸಿದ ಒಬ್ಬಳು. ರೋಗಿಗಳ ಪಾತ್ರ ಮಾಡಲು ಕರೆಸಿದ್ದಾರೆ ಎಂದುಕೊಂಡೆವು. ಅತ್ತೆ ಮೈಕು ಹಿಡಿದು, ಇವರು ನಿಮ್ಮ ಪರೀಕ್ಷಕರು ಎಂದು ಪರಿಚಯ ಮಾಡಿಕೊಟ್ಟರು.

ನಿಯಮ ಸುಲಭ. ಪ್ರತಿಯೊಬ್ಬ ಹೆಂಗಸೂ ತನ್ನ ಒಂದು ನಿಜವಾದ ತೊಂದರೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಎದುರಿಗೆ ಕೂರುತ್ತಾಳೆ. ಡಾಕ್ಟರಿಗೆ ಹತ್ತು ನಿಮಿಷ. ಹೇಳಬೇಕೆಂದು ಬಂದದ್ದನ್ನು ಅವಳು ಹೇಳಿದರೆ ಪಾಸು, ಹೇಳದಿದ್ದರೆ ಫೇಲು. ರೋಗ ಯಾವುದು, ಔಷಧಿ ಯಾವುದು ಎನ್ನುವುದಕ್ಕೆ ಒಂದು ಅಂಕವೂ ಇಲ್ಲ! ಅದು ನಿಮಗೆ ಗೊತ್ತುಂಟು ಎಂದು ನನಗೂ ಗೊತ್ತುಂಟು ಎಂದರು ಅತ್ತೆ.

ಮೂಳೆ ವಿಭಾಗದ ಮುಖ್ಯಸ್ಥರು ಮೊದಲು ಎದ್ದರು. ಅವರ ಸ್ವರ ಎಂದರೆ ನಾಲ್ಕು ವಾರ್ಡಿಗೆ ಒಂದೇ ಸಾಕು. ಬೀಡಿ ಕಟ್ಟುವ ಅಜ್ಜಿಯ ಎದುರು ಕೂತು, ಕೂತದ್ದೇ ತಡ, ಮುಟ್ಟು ನಿಂತಿತಾ ಎಂದು ಸಭಾಂಗಣದ ಕೊನೆಯ ಬೆಂಚಿಗೂ ಕೇಳುವಂತೆ ಕೇಳಿದರು. ಅಜ್ಜಿ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಉತ್ತರಿಸಿದರು.

"ಅದು ನಿಂತು ಹದಿನೈದು ವರ್ಷ ಆಯಿತು. ನಿಮ್ಮ ಬೊಬ್ಬೆ ಯಾವಾಗ ನಿಲ್ಲುವುದು?"

ಎರಡು ದಿನ ಮುಖ್ಯಸ್ಥರು ಯಾರಿಗೂ ಮುಖ ತೋರಿಸಲಿಲ್ಲ. ಮೂರನೆಯ ದಿನದಿಂದ ಅವರ ಕೋಣೆಯಲ್ಲಿ ಹಾಸಿಗೆಯ ಸುತ್ತ ಪರದೆ ಬಂತು, ಸ್ವರ ಅರ್ಧಕ್ಕೆ ಇಳಿಯಿತು. ಇಪ್ಪತ್ತು ವರ್ಷ ಅವರ ಹೆಂಡತಿಯ ಕೈಯಲ್ಲೂ ಆಗದ ಕೆಲಸ ಅದು!

ಮುಂದೆ ನನ್ನ ಸರದಿ. ಎರ್ಮಾಳಿನ ಅಕ್ಕ ಎದುರಿಗೆ ಬಂದು ಕೂತರು. ತಲೆ ತಿರುಗುತ್ತದೆ, ಸುಸ್ತು ಎಂದರು. ನನಗೆ ಅಷ್ಟು ಸಾಕಾಯಿತು. ತುಳುವಿನಲ್ಲೇ ಪಟಪಟನೆ ಮಾತಾಡಿ, ನಾನೂ ಇದೇ ಊರ ಕಡೆಯವಳೇ, ಕಾರ್ಕಳದವಳು ಎಂದು ಬಾಂಧವ್ಯ ಬೆಳೆಸಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಉಂಟು, ಬಿಸಿಲಲ್ಲಿ ಕೂರುವವರು ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು ಎಂದು ಬುದ್ಧಿ ಹೇಳಿ, ನಾಲ್ಕೇ ನಿಮಿಷದಲ್ಲಿ ಮುಗಿಸಿದೆ. ಚಪ್ಪಾಳೆ ಬರಬಹುದು ಎಂದು ಸುತ್ತ ನೋಡಿದೆ ಕೂಡ. ಅತ್ತೆ ಆ ಅಕ್ಕನನ್ನು ಹೇಗಾಯಿತು ಎಂದು ಕೇಳಿದರು.

"ಡಾಕ್ಟ್ರು ಒಳ್ಳೆಯ ಜನ. ಅವರ ಬಗ್ಗೆ ನನಗೆ ಎಲ್ಲ ಗೊತ್ತಾಯಿತು. ನನ್ನ ಬಗ್ಗೆ ಅವರಿಗೆ ಎಂತ ಗೊತ್ತಾಗಲಿಲ್ಲ."

ಅವರು ಹೇಳಲು ಬಂದದ್ದು ಇಷ್ಟು: ಬೆಳಿಗ್ಗೆ ಬುಟ್ಟಿ ಹಿಡಿದು ಹೊರಟರೆ ಮಧ್ಯಾಹ್ನ ಎರಡರವರೆಗೆ ಒಂದು ಗುಟುಕು ನೀರನ್ನೂ ಅವರು ಕುಡಿಯುವುದಿಲ್ಲ. ಮೀನು ಮಾರುವ ಜಾಗದಲ್ಲಿ ಹೆಂಗಸರಿಗೆ ಹೋಗಲು ಶೌಚಾಲಯ ಇಲ್ಲ. ಮೂತ್ರಕ್ಕೆ ಹೋದರೆ ಉರಿ, ವರ್ಷಗಳಿಂದ. ಅಂಥವರಿಗೆ ನಾನು ಮೂರು ಲೀಟರ್ ನೀರು ಬರೆದುಕೊಟ್ಟಿದ್ದೆ! ಫೇಲು. ಅತ್ತೆ ನನ್ನ ಮುಖ ಕೂಡ ನೋಡಲಿಲ್ಲ.

ನೋಡಿದ್ದು ಮರುದಿನ. ಬೆಳಿಗ್ಗೆ ಎಂಟಕ್ಕೆ ಫೋನು ಮಾಡಿ, ನೀನು ಮುಗಿಸದೆ ಬಿಟ್ಟ ಪೇಷಂಟ್ ಉಂಟಲ್ವಾ, ಬಾ ಎಂದರು. ಹೋದದ್ದು ಆಸ್ಪತ್ರೆಗಲ್ಲ, ಶೌಚಾಲಯ ಕಟ್ಟಿಸಬೇಕಾದ ಕಚೇರಿಗೆ. ಎರ್ಮಾಳಿನ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆ ಅಧಿಕಾರಿಗೆ ಹೇಳಿದ್ದು ಇಷ್ಟೇ: ಅರ್ಜಿ ಆಮೇಲೆ ಕೊಡುತ್ತೇವೆ, ಮೊದಲು ನೀವು ನಮ್ಮೊಡನೆ ಮಧ್ಯಾಹ್ನ ಎರಡರವರೆಗೆ ಎದ್ದು ಹೋಗದೆ ಕೂರಬೇಕು. ಅವರು ನಕ್ಕು ಒಪ್ಪಿದರು. ಅತ್ತೆ ಅವರಿಗೆ ಎರಡು ಎಳನೀರು ತರಿಸಿಕೊಟ್ಟರು! ಹನ್ನೊಂದಕ್ಕೆ ಅವರು ಕಾಲು ಮೇಲೆ ಕಾಲು ಹಾಕಿದರು. ಹನ್ನೊಂದೂವರೆಗೆ ಫೈಲು ಓದುವುದನ್ನು ಬಿಟ್ಟು ಫ್ಯಾನು ನೋಡತೊಡಗಿದರು. ಹನ್ನೆರಡಕ್ಕೆ, ನೀವು ಬರೆದದ್ದು ಎಲ್ಲಿ ಮೇಡಂ, ಕೊಡಿ, ಸಹಿ ಮಾಡುತ್ತೇನೆ ಎಂದು ಎದ್ದೇ ಬಿಟ್ಟರು. ಮಳೆಗಾಲಕ್ಕೆ ಮೊದಲು ಶೌಚಾಲಯ ಆಯಿತು. ಎಷ್ಟು ಮಾತ್ರೆ ಬರೆದಿದ್ದರೆ ನನ್ನಿಂದ ಇದು ಆಗುತ್ತಿತ್ತು, ನೀವೇ ಹೇಳಿ! ಆ ದಿನ ನಾನು ಈ ಹೆಂಗಸನ್ನು ಬಾಯಿ ತೆರೆದು ನೋಡಿದ್ದೆ, ಅದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಆದರೆ ಬೆರಗು ಬೇರೆ, ಬಡ್ತಿ ಬೇರೆ. ಎರಡನೇ ಪರೀಕ್ಷೆಗೆ ಮೊದಲು ಅಪ್ಪ ನನ್ನ ಪರವಾಗಿ ಸಂಧಾನಕ್ಕೆ ಇಳಿದರು. ತಮ್ಮ ಅಕ್ಕನಿಗೆ ಶಂಕರಪುರ ಮಲ್ಲಿಗೆ ಎಂದರೆ ಜೀವ ಎಂದು ಒಂದು ಇಡೀ ಅಟ್ಟೆ, ಎಂದರೆ ನಾಲ್ಕು ಚೆಂಡು ಹೂವು, ತರಿಸಿ ನನ್ನ ಕೈಯಲ್ಲೇ ಕಳುಹಿಸಿದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣು ಮುಚ್ಚಿ ಮೂಸಿ, ಮೂರು ತುಂಡು ಮಾಡಿ ಮೂವರು ಪರೀಕ್ಷಕರಿಗೆ ಹಂಚಿದರು.

ಈ ಸಲ ಎದುರಿಗೆ ಬಾಗಲಕೋಟೆಯವಳು. ಕಳೆದ ಸಲ ಮಾತಾಡಿ ಕೆಟ್ಟೆ ತಾನೇ? ಈ ಸಲ ತುಟಿ ಬಿಚ್ಚಬಾರದು ಎಂದು ನಿರ್ಧರಿಸಿದ್ದೆ. ಕೂತೆ. ಅವಳನ್ನೇ ನೋಡಿದೆ. ಕಣ್ಣು ಮಿಟುಕಿಸದೆ ನೋಡಿದೆ. ಒಂದು ನಿಮಿಷ, ಎರಡು ನಿಮಿಷ. ಅವಳ ಮುಖ ಸಣ್ಣದಾಗುತ್ತಾ ಬಂತು. ಕೊನೆಗೆ ಅವಳ ಕಣ್ಣಲ್ಲಿ ನೀರು.

"ಏನಾರ ಕೆಟ್ಟದ್ದು ಐತೇನ್ರೀ ಡಾಕ್ಟರ ಬಾಯಾರ? ಸುಮ್ನ ನೋಡಾಕತ್ತೀರಿ. ನನಗ ಎರಡು ಸಣ್ಣ ಕೂಸು ಅದಾವ್ರೀ."

ಅವಳನ್ನು ಸಮಾಧಾನ ಮಾಡುವುದರಲ್ಲೇ ಉಳಿದ ಸಮಯ ಮುಗಿಯಿತು. ಸುಮ್ಮನಿರುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ ಎಂದು ಅತ್ತೆ ಎಲ್ಲರೆದುರು ಹೇಳಿದರು. ಫೇಲು. ಮೂವರೂ ನನ್ನ ಮಲ್ಲಿಗೆಯನ್ನು ಮುಡಿದುಕೊಂಡೇ ನನ್ನನ್ನು ಫೇಲು ಮಾಡಿದ್ದರು! ಲಂಚ ಕೊಟ್ಟವರಲ್ಲಿ ಇದಕ್ಕಿಂತ ಪರಿಮಳದ ಶಿಕ್ಷೆ ಯಾರಿಗಾದರೂ ಸಿಕ್ಕಿದ್ದುಂಟೇ?

ಸಂದರ್ಶನಕ್ಕೆ ಹತ್ತು ದಿನ ಉಳಿದಿತ್ತು. ನನ್ನ ಜೊತೆಯವರೆಲ್ಲ ಪಾಸಾಗಿದ್ದರು, ಮೂಳೆಯ ಮುಖ್ಯಸ್ಥರೂ ಸಹ. ಈ ಸಲವೂ ಹೋದರೆ ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ನನಗಿಂತ ಮೊದಲು ಪ್ರೊಫೆಸರ್ ಆಗುತ್ತಾಳೆ. ಮನೆಯಲ್ಲಿ ಅತ್ತೆಯ ಹೆಸರು ಎತ್ತಿದರೆ ಸಿಡಿಮಿಡಿಗೊಳ್ಳುತ್ತಿದ್ದೆ. ಸ್ವಂತ ತಮ್ಮನ ಮಗಳ ಹೊಟ್ಟೆಗೆ ಹೊಡೆಯುವುದೂ ಒಂದು ಆದರ್ಶವೇ ಎಂದು ಅಪ್ಪನ ಮೇಲೆ ಹರಿಹಾಯ್ದೆ. ಅಪ್ಪ ಪೇಪರಿನ ಹಿಂದೆ ಅಡಗಿಕೊಂಡರು.

ಮೂರನೆಯ ಪರೀಕ್ಷೆ ಶನಿವಾರ ಮಧ್ಯಾಹ್ನ. ಉಳಿದವಳು ನಾನೊಬ್ಬಳೇ. ಕಾರ್ಕಳದ ಅಜ್ಜಿ ಬರಬೇಕಿತ್ತು. ಮೊಮ್ಮಗಳಿಗೆ ಜ್ವರ, ಬರಲಾಗುವುದಿಲ್ಲ ಎಂದು ಫೋನು ಬಂತು. ಖಾಲಿ ಸಭಾಂಗಣದಲ್ಲಿ ನಾವಿಬ್ಬರೇ. ಇನ್ನು ಮುಂದಿನ ವರ್ಷವೇ ಎಂದು ನಾನು ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಅತ್ತೆ ಆ ಖಾಲಿ ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೇ ಹೋಗಿ ಅದರಲ್ಲಿ ಕೂತರು. ಇವತ್ತು ನಾನೇ ಪೇಷಂಟ್ ಎಂದರು.

ನಾನು ಎದುರಿಗೆ ಕೂತು, ಹೇಳಿ ಅತ್ತೆ, ಎಂತ ತೊಂದರೆ ಎಂದೆ. ಎಂತ ಇಲ್ಲ ಎಂದರು. ನಾನು ಕಾದೆ. ಮೊಣಕಾಲು ನೋವು ಎಂದರು, ಅದು ಪ್ರಾಯದ್ದು ಎಂದು ತಾವೇ ಸೇರಿಸಿದರು. ಬೆಳಗಿನ ಜಾವ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ ಎಂದರು. ಮಾತ್ರೆಯ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ಹೇಳಲಿಲ್ಲ. ಎಚ್ಚರವಾದಾಗ ಎಂತ ನೆನಪಾಗುತ್ತದೆ ಅತ್ತೆ ಎಂದು ಕೇಳಿದೆ.

ಅತ್ತೆ ಹೆಗಲ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, ಅಮ್ಮ ಎಂದರು.

ಅವರ ಅಮ್ಮ ಎಂದರೆ ನನ್ನ ಅಜ್ಜಿ. ನಾನು ಸಣ್ಣವಳಿದ್ದಾಗಲೇ ಹೋದವರು. ಏನೋ ಕಾಯಿಲೆ ಎಂದಷ್ಟೇ ನಮಗೆ ಹೇಳಿದ್ದರು. ಆಗ ಅತ್ತೆ ಹೆಸರು ಮಾಡಿದ ಡಾಕ್ಟರು, ಭಾನುವಾರ ಮಾತ್ರ ಕಾರ್ಕಳದ ಮನೆಗೆ ಬಂದು ಹೋಗುತ್ತಿದ್ದರಂತೆ. ಅಜ್ಜಿ ಆ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಎದ್ದು, ಯಾರೂ ನೋಡದ ಹಾಗೆ ತಮ್ಮ ಸೀರೆಗಳನ್ನು ತಾವೇ ಒಗೆದು ಹಾಕುತ್ತಿದ್ದರು. ಮುಟ್ಟು ನಿಂತು ಎಷ್ಟೋ ವರ್ಷದ ನಂತರ ಮತ್ತೆ ರಕ್ತ ಹೋಗತೊಡಗಿತ್ತು. ಪ್ರತಿ ಭಾನುವಾರ ಮಗಳು ಹೊರಡುವಾಗ ಗೇಟಿನವರೆಗೆ ಬರುತ್ತಿದ್ದರು, ಏನೋ ಹೇಳಲಿಕ್ಕುಂಟು ಎಂಬ ಹಾಗೆ ನಿಲ್ಲುತ್ತಿದ್ದರು.

"ಇಡೀ ಜಿಲ್ಲೆಯ ಹೆಂಗಸರು ನನ್ನ ಹತ್ತಿರ ಹೇಳಿಕೊಂಡರು ಮಗಾ. ಅಮ್ಮ ಮಾತ್ರ ಹೇಳಲಿಲ್ಲ. ಹೇಳಲಿಲ್ಲ ಅಲ್ಲ, ನಾನು ಬಿಡಲಿಲ್ಲ. ಕಾರಿನ ಬಾಗಿಲು ತೆಗೆದುಕೊಂಡು, ಆರಾಮಿದ್ದೀರಲ್ವಾ ಅಮ್ಮ ಎಂದು ಕೇಳುತ್ತಿದ್ದೆ. ಉತ್ತರ ನಾನೇ ಕೊಟ್ಟ ಮೇಲೆ ಅವರು ಎಂತ ಹೇಳುವುದು? ಹೂಂ ಎನ್ನುತ್ತಿದ್ದರು."

ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾಗುವಾಗ ತಡವಾಗಿತ್ತು. ಬೇರೆ ಯಾವ ಹೆಂಗಸಾಗಿದ್ದರೂ ಅತ್ತೆ ಎರಡು ವರ್ಷ ಮೊದಲೇ ಕಂಡುಹಿಡಿಯುತ್ತಿದ್ದರು.

ಈ ಹೆಂಗಸಿನ ಮೇಲೆ ಇಷ್ಟು ದಿನ ಸಿಟ್ಟು ಮಾಡಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಅತ್ತೆ ಅಳಲಿಲ್ಲ. ಚೀಲದಿಂದ ನನ್ನ ಸರ್ಟಿಫಿಕೇಟು ತೆಗೆದು, ಸಹಿ ಮಾಡಿ, ನನ್ನ ಕಡೆಗೆ ಸರಿಸಿದರು.

"ನಿನಗೆ ಮೂರು ಸಲ ಸಿಕ್ಕಿತು. ನನಗೆ ಎರಡನೇ ಸಲ ಇರಲಿಲ್ಲ."

ಹನ್ನೆರಡು ವರ್ಷ ಕಾದ ಬಡ್ತಿಗೆ ಬೇಕಾದ ಕಾಗದ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಅದನ್ನು ಎತ್ತಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅಜ್ಜಿಯ ಬಗ್ಗೆ ಇನ್ನೂ ಹೇಳಿ ಅತ್ತೆ ಎಂದೆ. ಅವರು ಹೇಳತೊಡಗಿದರು. ಬಾಗಿಲು ಹಾಕಲು ಬಂದ ವಾಚ್‌ಮನ್ ಬೀಗ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತ. ಇನ್ನೂ ಮುಗಿದಿಲ್ಲ, ಆಮೇಲೆ ಬನ್ನಿ ಎಂದು ಅವನನ್ನು ಕಳುಹಿಸಿದೆ.