ನಾನೇ ತೆರೆದು ನಾನೇ ಮುಚ್ಚಿದ ಖಾನಾವಳಿ

ಹೋಟೆಲನ್ನು ನಿಂತ ಕಾಲಲ್ಲೇ ಮುಚ್ಚಬೇಕಾದ ಸಂದರ್ಭಗಳು ಒಟ್ಟು ಆರು. ಗ್ಯಾಸ್ ಸೋರಿಕೆ, ಬೆಂಕಿ, ನೀರಿಲ್ಲದಿರುವುದು, ಕರೆಂಟಿಲ್ಲದೆ ಫ್ರಿಜ್ ನಿಲ್ಲುವುದು, ಮೋರಿ ಉಕ್ಕುವುದು ಮತ್ತು ಇಲಿ. ಇದನ್ನು ನಾನು ಒಂದು ದಿನದ ತರಬೇತಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತು ಕಲಿತವನು. ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತನಾದ ಮನುಷ್ಯನಿಗೆ ಪಟ್ಟಿ ಎಂದರೆ ಪ್ರಾಣ ನೋಡಿ!

ನಾಗಪುರದ ನಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಹೆಂಡತಿ ಸುಮಿತ್ರಾ ಜೋಳದ ರೊಟ್ಟಿಯ ಖಾನಾವಳಿ ತೆರೆಯುವವಳಿದ್ದಳು. ಉದ್ಘಾಟನೆಯ ದಿನವೇ ಪಕ್ಕದ ಬೀದಿಯ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಬಾಯಿ, ಅಂದರೆ ವಾರ್ಡನ್ ಅಮ್ಮ, ಹನ್ನೆರಡೂವರೆಗೆ ಊಟಕ್ಕೆ ಬರುವುದೆಂದು ನಿಶ್ಚಯವಾಗಿತ್ತು. ಅವರ ಮನಸ್ಸಿಗೆ ಬಂದರೆ ನಲವತ್ತು ಹುಡುಗಿಯರ ನಿತ್ಯದ ಊಟ ನಮ್ಮದು. ಬರದಿದ್ದರೆ ಖಾನಾವಳಿಗೆ ಕಾಯಂ ಗಿರಾಕಿ ನಾನೊಬ್ಬನೇ.

ನಾನು ಆ ಆರು ಅಪಾಯಗಳನ್ನು ಕೆಂಪು ಶಾಯಿಯಲ್ಲಿ ಬರೆದು, ಊಟದ ಕೋಣೆಯ ಗೋಡೆಗೇ ಅಂಟಿಸಿದೆ.

"ಏನ್ರೀ, ಇದನ್ನ ಓದಿ ಯಾವ ಗಿರಾಕಿ ಉಣ್ಣಾಕ ಕೂಡತಾನ?" ಎಂದಳು ಸುಮಿತ್ರಾ.

"ನಿನಗ ತಿಳಿಯಂಗಿಲ್ಲ. ಇದು ಸುರಕ್ಷತಾ ವಿಷಯ."

ಹೊಸ ಒಲೆ ಎಂದ ಮೇಲೆ ಮೊದಲು ಹಾಲು ಉಕ್ಕಿಸಬೇಕಲ್ಲ? ಆ ಶುಭಕಾರ್ಯದ ಉಸ್ತುವಾರಿಯನ್ನು ನಾನೇ ವಹಿಸಿಕೊಂಡೆ. ಸುಮಿತ್ರಾ ಸಣ್ಣ ಪಾತ್ರೆಯಲ್ಲಿ ಒಂದು ಬಟ್ಟಲು ಹಾಲು ತಂದಳು. ನಾನು ನಕ್ಕುಬಿಟ್ಟೆ. ಮನೆಯ ಒಲೆಗೆ ಬಟ್ಟಲು ಹಾಲು ಸರಿ. ಇದು ವಾಣಿಜ್ಯ ಒಲೆ! ಗಾಂಧಿಬಾಗ್ ಪೇಟೆಯಿಂದ ತಂದ ದೊಡ್ಡ ಪಾತೇಲಿಗೆ ಐದು ಲೀಟರ್ ಸುರಿದು, ಉರಿಯನ್ನು ಪೂರ್ತಿ ಏರಿಸಿ, ಕೈಮುಗಿದು, ಕಣ್ಣುಮುಚ್ಚಿ ನಿಂತೆ.

ಹಾಲು ಉಕ್ಕಿತು. ಪೂರ್ವಕ್ಕೂ ಉಕ್ಕಿತು, ಪಶ್ಚಿಮಕ್ಕೂ ಉಕ್ಕಿತು. ಒಲೆ ನಂದಿತು. ನನ್ನ ಶ್ಲೋಕ ಮಾತ್ರ ಇನ್ನೂ ಮುಗಿದಿರಲಿಲ್ಲ.

"ರೀ! ವಾಸನಿ ಬರಾಕತ್ತೇತ್ರೀ!"

ಗ್ಯಾಸ್! ಅಪಾಯ ನಂಬರ್ ಒಂದು! ತರಬೇತಿ ನನ್ನ ರಕ್ತದಲ್ಲಿ ಹರಿಯತೊಡಗಿತು. ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗಿನ ಮೀಟರ್ ಪೆಟ್ಟಿಗೆಗೆ ಹಾರಿ ಮೇನ್ ಸ್ವಿಚ್ಚಿನ ಹಿಡಿಕೆ ಎಳೆದೆ. ಎಷ್ಟು ಜೋರಾಗಿ ಎಳೆದೆನೆಂದರೆ ಹಿಡಿಕೆ ನನ್ನ ಕೈಗೇ ಬಂತು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ಸಾಬ್, ಖಾನಾ ಖಾಕೆ ಆತಾ ಹೂಂ" ಎಂದ. ಊಟ ಮುಗಿಸಿ ಬರುತ್ತಾನಂತೆ! ಆಗ ಗಂಟೆ ಹನ್ನೊಂದು! ಹೊರಗೆ ನಾಗಪುರದ ಮೇ ತಿಂಗಳು. ಫ್ರಿಜ್ಜಿನಲ್ಲಿ ಎರಡು ಬಕೆಟ್ ಮೊಸರು.

ಇರಲಿ, ಮೊದಲು ಸ್ವಚ್ಛತೆ ಎಂದು ನೆಲದ ಹಾಲು ತೊಳೆಯಲು ನಿಂತೆ. ಧಾರಾಳವಾಗಿ ತೊಳೆದೆ. ಪೂಜೆಯ ಹೂವು, ಅಕ್ಷತೆ, ಬಾಳೆಯೆಲೆ ಎಲ್ಲವನ್ನೂ ಮೋರಿಯ ಬಾಯಿಗೆ ದಬ್ಬಿದೆ. ಸ್ವಲ್ಪ ಹೊತ್ತಿಗೆ ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಟಾಕಿ ಖಾಲಿ! ಪಂಪ್ ಹಾಕೋಣವೆಂದರೆ ಕರೆಂಟು ನನ್ನ ಜೇಬಿನಲ್ಲಿತ್ತು, ಹಿಡಿಕೆಯ ರೂಪದಲ್ಲಿ. ಅಷ್ಟರಲ್ಲಿ ಮೋರಿಯೂ ಬುಳುಬುಳು ಎಂದು, ಕುಡಿದದ್ದನ್ನೆಲ್ಲ ವಾಪಸು ಕಕ್ಕತೊಡಗಿತು.

ಆರರಲ್ಲಿ ನಾಲ್ಕು! ಅದೂ ಒಂದೇ ತಾಸಿನಲ್ಲಿ, ಯಾರ ಸಹಾಯವೂ ಇಲ್ಲದೆ! ಬೆಂಕಿಯೂ ಇಲಿಗಳೂ ಸಹಕರಿಸಲಿಲ್ಲ, ಅಷ್ಟೆ.

ಸುಮಿತ್ರಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಎಷ್ಟ್ ದಿನದಿಂದ ಇವತ್ತಿನ ದಾರಿ ಕಾಯ್ದಿದ್ದೆನ್ರೀ," ಎಂದಳು. ಗದರಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿ ನಡುಗಿತು. ಆದರೆ ನಿಯಮ ನಿಯಮವೇ. ಮರಾಠಿಯಲ್ಲಿ ದೊಡ್ಡದಾಗಿ 'ಅಪಾಯ! ಖಾನಾವಳಿ ಬಂದ್!' ಎಂದು ಬರೆದು ಬಾಗಿಲಿಗೆ ತೂಗುಹಾಕಿದೆ.

ಬೋರ್ಡು ಇನ್ನೂ ತೂಗಾಡುತ್ತಿರುವಾಗಲೇ ವಾರ್ಡನ್ ಬಾಯಿ ಬಂದು ನಿಂತರು. ಓದಿದರು. "ಉದ್ಘಾಟನೆ ಇವತ್ತೇ ಅಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು.

"ಹೌದು ಬಾಯಿ. ಮುಕ್ತಾಯವೂ ಇವತ್ತೇ," ಎಂದೆ. ಪ್ರಾಮಾಣಿಕ ನೌಕರನಂತೆ ನಾಲ್ಕೂ ಅಪಾಯಗಳನ್ನು ಕ್ರಮವಾಗಿ ವರದಿ ಮಾಡಿದೆ.

ಬಾಯಿ ಗಂಭೀರರಾದರು. "ನಮ್ಮ ಹಳೆಯ ಮೆಸ್ಸಿನವನು ಮೋರಿ ನೀರಿನ ನಡುವೆಯೇ ಬಡಿಸಿದ. ಹುಡುಗಿಯರೆಲ್ಲ ಹಾಸಿಗೆ ಹಿಡಿದರು. ತಮ್ಮ ಅಂಗಡಿಯನ್ನು ತಾವೇ ಮುಚ್ಚಿದವರನ್ನು ಇವತ್ತೇ ಕಂಡದ್ದು. ಏಕದಮ್ ಬರೋಬರ್!"

ನನ್ನ ಎದೆ ಎರಡಂಗುಲ ಉಬ್ಬಿತು. ಆದರೆ ಊಟ? ಸುಮಿತ್ರಾ ಕಣ್ಣೊರೆಸಿಕೊಂಡು, "ಬರ್ರಿ ಬಾಯಿ, ಮ್ಯಾಲ ಮನೀಗೆ," ಎಂದು ಕರೆದೊಯ್ದಳು. ಅಲ್ಲಿ ನೋಡಿದರೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲವೂ ಸಿದ್ಧ!

"ಇದೆಲ್ಲಾ ಯಾವಾಗ ಮಾಡಿದಿ?" ಎಂದು ಪಿಸುಗುಟ್ಟಿದೆ.

"ಹಾಲು ನಾನs ಉಕ್ಕಸ್ತೀನಿ ಅಂತ ನಿನ್ನಿ ನೀವು ಅಂದ್ರಲ್ಲ, ಮುಂಜಾನೆ ಎದ್ದಾಕಿನs ಎಲ್ಲಾ ಇಲ್ಲೇ ಮಾಡಿಟ್ಟೆ. ಮೂವತ್ತ್ ವರ್ಷ ನಿಮ್ಮ ಜೋಡಿ ಸಂಸಾರ ಮಾಡೀನ್ರಿ!"

ಬಾಯಿ ನಾಲ್ಕು ರೊಟ್ಟಿ ತಿಂದು, ನಲವತ್ತು ಹುಡುಗಿಯರ ಊಟವನ್ನು ಅಲ್ಲೇ ನಮಗೆ ಒಪ್ಪಿಸಿದರು. ಗೆದ್ದೆವು! ನನ್ನ ಕಟ್ಟುನಿಟ್ಟಿನಿಂದ ಗೆದ್ದೆವೆಂದು ನಾನು ಇಡೀ ಬೀದಿಗೆ ಸಾರಿದೆ. ಬಾಯಿ ಹೊರಡುವಾಗ ಒಂದೇ ಒಂದು ಷರತ್ತು ಹಾಕಿದರು. ಸುಮಿತ್ರಾ ಅದಕ್ಕೆ ನನ್ನನ್ನು ಕೇಳದೆಯೇ ಒಪ್ಪಿಕೊಂಡಳು.

ಈಗ ಖಾನಾವಳಿ ಜೋರಾಗಿ ನಡೆದಿದೆ. ನಿನ್ನೆ ಬಾಯಾರಿ ಒಂದು ಲೋಟ ನೀರು ಕೇಳಿದೆ. ಅಡುಗೆಮನೆಯ ಬಾಗಿಲು ತೆರೆಯಲಿಲ್ಲ. ಕಿಟಕಿಯಿಂದ ಕೊಟ್ಟಳು!