ಚೆರ್ರಿ ಬರ್ಫಿಯ ವಿದೇಶ ಪ್ರಯಾಣ

ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬಹಳ ವರ್ಷ ಬೇರೆಯವರ ತಪ್ಪು ತಿದ್ದಿದವನಿಗೆ ತನ್ನಿಂದ ಮಾತ್ರ ತಪ್ಪಾಗದು ಎಂಬ ನಂಬಿಕೆ ಬೆಳೆದಿರುತ್ತದೆ. ನನಗೂ ಬೆಳೆದಿತ್ತು. ಅದು ಒಂದು ಸೂಟ್‌ಕೇಸಿನೊಳಗೆ ಹೇಗೆ ಕರಗಿತು ಎಂಬುದರ ಯಥಾವತ್ ವರದಿ ಇದು.

ಹೆಂಡತಿ ಸುಧಾಳ ಸಂಶೋಧನೆಯ ಕೆಲಸಕ್ಕಾಗಿ ನಾವು ಜಪಾನಿನ ತ್ಸುಕುಬಾಗೆ ಬಂದವರು. ನನಗೂ ಅಲ್ಲೇ ಒಂದು ಸಂಸ್ಥೆಯಲ್ಲಿ ಇಂಗ್ಲಿಷ್ ವರದಿಗಳನ್ನು ತಿದ್ದುವ ಕೆಲಸ ಸಿಕ್ಕಿತು. ಪಕ್ಕದ ಮೇಜಿನವರು ಮೋರಿ ಸಾನ್, ನಮ್ಮ ಮಾತಿನಲ್ಲಿ ಮೋರಿಯವರು. ಕೊರೋನಾ ಬಂದ ಮೇಲೆ ಸೇರಿದವರು. ನಮ್ಮಿಬ್ಬರ ನಡುವೆ ಪ್ಲಾಸ್ಟಿಕ್ ಪರದೆ, ಅವರ ಮುಖಕ್ಕೆ ಮಾಸ್ಕ್. ಎರಡು ವರ್ಷದಲ್ಲಿ ನಾನು ಕಂಡದ್ದು ಅವರ ಹಣೆ ಮತ್ತು ಕಣ್ಣು.

ಗಡಿ ನಿರ್ಬಂಧ ಸಡಿಲವಾದ ವರ್ಷ, ಬೇಸಿಗೆಯ ಆರಂಭದಲ್ಲಿ, ಕ್ಯಾಲಿಫೋರ್ನಿಯಾದ ಒಂದು ಚಿಕ್ಕ ಊರಿನಲ್ಲಿದ್ದ ನಾದಿನಿ ಸಹನಾಳ ಮನೆಗೆ ಹೊರಟೆವು. ಸಂಸ್ಥೆಯ ವಾರ್ಷಿಕ ವರದಿ ಮುಗಿಯಬೇಕಾಗಿದ್ದುದೂ ಅದೇ ಹೊತ್ತಿಗೆ! ರಜೆ ಕೇಳಲು ಸಂಕೋಚಪಡುತ್ತಿದ್ದ ನನಗೆ ಮೋರಿ ಸಾನ್ ಪರದೆಯ ಆಚೆಯಿಂದ, "ಹೋಗಿ ಬನ್ನಿ, ನಿಮ್ಮ ಭಾಗಾನೂ ನಾನೇ ನೋಡ್ಕೋತೀನಿ" ಎಂದರು.

ಜಪಾನಿನಲ್ಲಿ ಊರಿಗೆ ಹೋದವರು ಕಚೇರಿಗೆ ಆ ಊರಿನ ತಿಂಡಿ ತರಲೇಬೇಕು. ಅದಕ್ಕೆ ಓಮಿಯಾಗೆ ಎನ್ನುತ್ತಾರೆ. ಎಲ್ಲರೂ ತಂದು ಚಹಾದ ಮೇಜಿನ ಮೇಲೆ ಇಡುತ್ತಾರೆ. ಅದನ್ನು ತಿನ್ನುವ ಜವಾಬ್ದಾರಿಯನ್ನು ನಾನು ನಿಷ್ಠೆಯಿಂದ ನಿರ್ವಹಿಸಿಕೊಂಡು ಬಂದಿದ್ದೆ. ಈ ಸಲ ತರುವ ಸರದಿ ನನ್ನದು. ಅದೂ ನನ್ನ ಕೆಲಸ ಹೊತ್ತವರಿಗೆ! ತಪ್ಪಿದರೆ ಆ ಪರದೆಯ ಪಕ್ಕ ಮತ್ತೆ ಕೂರುವ ಮುಖ ಇರುವುದಿಲ್ಲ.

"ಏರ್‌ಪೋರ್ಟಲ್ಲಿ ಒಂದು ಬಿಸ್ಕೆಟ್ ಬಾಕ್ಸ್ ತಗೊಳ್ರಿ, ಸಾಕು" ಎಂದಳು ಸುಧಾ.

"ವರದಿಗಾರ ಮೂಲಕ್ಕೆ ಹೋಗಬೇಕು" ಎಂದೆ.

ಮೂಲ ಬೇಗ ಸಿಕ್ಕಿತು. ಸಹನಾಳ ಊರಿನಲ್ಲಿ ಒಂದು ದೊಡ್ಡ ರಸ್ತೆ, ಸುತ್ತ ಚೆರ್ರಿ ತೋಟಗಳು. ನಾವೇ ಏಣಿ ಹತ್ತಿ ಹಣ್ಣು ಕೀಳಬಹುದು. ಊರಿನಲ್ಲಿ ಮಾಸ್ಕ್ ಹಾಕಿದ್ದವನು ನಾನೊಬ್ಬನೇ. ನನಗೆ ರಸ್ತೆ ದಾಟಲು ಬಿಟ್ಟು ನಿಂತ ಪ್ರತಿ ಕಾರಿಗೂ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದವನೂ ನಾನೊಬ್ಬನೇ. ತೋಟದಲ್ಲಿ ಎರಡು ಬಕೆಟ್ ತುಂಬಿಸಿದೆ.

"ಭಾವ, ಜಪಾನಿಗೆ ಫ್ರೆಶ್ ಫ್ರೂಟ್ ಬಿಡ್ತಾರಾ?" ಎಂದು ಸಹನಾ ಕೇಳಿದಾಗ ನಾನು ಏಣಿಯ ತುದಿಯಲ್ಲಿದ್ದೆ.

ಇಳಿದು ಫೋನಿನಲ್ಲಿ ನೋಡಿದೆ. ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ಕಾನೂನು ಪಾಲಿಸುವ ನಾಗರಿಕನಾದ ನಾನು ಅಲ್ಲಿಯೇ ಪರ್ಯಾಯ ಘೋಷಿಸಿದೆ: "ಹಣ್ಣು ಬಿಡಲ್ಲ ಅಂದ್ರೆ ಬರ್ಫಿ ಬಿಡ್ತಾರೆ!"

ಕೊಬ್ಬರಿ ಬರ್ಫಿ ಮಾಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ನೋಡಿದ್ದು ಅಷ್ಟೇ. ಬೀಜ ತೆಗೆಯುವಾಗಲೇ ಸಹನಾಳ ಬಿಳಿ ಗೋಡೆಗೆ ಕೆಂಪು ಚುಕ್ಕೆಗಳು ಬಿದ್ದವು. ಸಕ್ಕರೆ ಹಾಕಿ ಕೈಯಾಡಿಸಿದೆ. ಕೈ ಸೋತಿತು, ಪಾಕ ಸೋಲಲಿಲ್ಲ.

ಸುಧಾ ಬಾಣಲೆಗೆ ಇಣುಕಿ, "ಇದು ಬರ್ಫಿ ಅಲ್ಲ ರೀ, ಗೊಜ್ಜು" ಎಂದಳು.

"ಆರಿದ ಮೇಲೆ ಗಟ್ಟಿ ಆಗುತ್ತೆ."

"ಯಾವ ವರ್ಷ?" ಎಂದಳು ಸಹನಾ.

ತಟ್ಟೆಗೆ ಸುರಿದು ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ಗಟ್ಟಿಯಾಗಿತ್ತು! ಗೆದ್ದ ಉತ್ಸಾಹದಲ್ಲಿ ಚೌಕವಾಗಿ ಕತ್ತರಿಸಿದೆ. ಕೊರೋನಾ ಕಾಲವಲ್ಲವೇ, ಒಬ್ಬರ ಕೈ ಇನ್ನೊಬ್ಬರ ತುಂಡಿಗೆ ತಗಲಬಾರದೆಂದು ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿದೆ. ಡಬ್ಬಿಗೆ ತುಂಬಿ, ಅಲುಗಾಡದಂತೆ ನನ್ನ ಬಿಳಿ ಪಂಚೆಯಲ್ಲಿ ಕಟ್ಟಿ ಸೂಟ್‌ಕೇಸಿಗೆ ಇಳಿಸಿದೆ. ಸೂಟ್‌ಕೇಸ್ ಎಂಬುದು ಫ್ರಿಜ್ಜಲ್ಲ ಎಂಬ ಅಂಶ ಗಮನಕ್ಕೆ ಬರಲಿಲ್ಲ.

ಜಪಾನಿನಲ್ಲಿ ಇಳಿದಾಗ ಆರೋಗ್ಯದ ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ತಿಂಡಿ ಇದೆ ಎಂದು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಕಸ್ಟಮ್ಸ್ ಅಧಿಕಾರಿ ಕೈಗವಸು ತೊಟ್ಟು ಸೂಟ್‌ಕೇಸ್ ತೆರೆದರು. ತೆರೆದವರು ಒಂದು ಹೆಜ್ಜೆ ಹಿಂದೆ ಸರಿದರು.

ಪಂಚೆ ಕೆಂಪಾಗಿತ್ತು. ಅಂಗಿಗಳು ಕೆಂಪಾಗಿದ್ದವು. ಅಂಚಿನಿಂದ ಒಂದು ಹನಿ ನಿಧಾನವಾಗಿ ಅವರ ಮೇಜಿನ ಮೇಲೆ ಬಿತ್ತು.

"ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ. "ಚೆರ್ರಿ."

"ಚೆರ್ರಿ?"

"ಬೇಯಿಸಿದ ಚೆರ್ರಿ."

ಅವರು ಇನ್ನೊಬ್ಬ ಅಧಿಕಾರಿಯನ್ನು ಕರೆದರು. ಅವರೂ ಕೈಗವಸು ತೊಟ್ಟರು. ಇಬ್ಬರೂ ಡಬ್ಬಿಯನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ಚರ್ಚಿಸಿದರು. ವಶಪಡಿಸಿಕೊಳ್ಳಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಸರ್ಕಾರ ಕಿತ್ತುಕೊಂಡಿತು ಎಂದರೆ ಕಚೇರಿಯಲ್ಲಿ ಮರ್ಯಾದೆಯೂ ಉಳಿಯುತ್ತದೆ, ಅನುಕಂಪವೂ ಸಿಗುತ್ತದೆ! ಆದರೆ ನಿಯಮ ನಿಯಮವೇ. ಬೇಯಿಸಿದ್ದಕ್ಕೆ ಅಡ್ಡಿಯಿಲ್ಲ ಎಂದು ಎರಡೂ ಕೈಗಳಿಂದ ನನಗೇ ಹಿಂದಿರುಗಿಸಿದರು.

"ಮೂಲೆಯ ಕೊಂಬಿನಿ ಅಂಗಡಿಗೆ ಹೋಗಿ ಬಿಸ್ಕೆಟ್ ತನ್ನಿ, ಮಾನ ಉಳಿಸ್ಕೊಳ್ಳಿ" ಎಂದಳು ಸುಧಾ, ಮನೆ ತಲುಪಿದೊಡನೆ.

ನಾನು ಬಗ್ಗಲಿಲ್ಲ. ಕಾಗದಗಳಿಂದ ಕೆರೆದು ತೆಗೆದದ್ದನ್ನು ಮತ್ತೊಮ್ಮೆ ಕುದಿಸಿ, ಸೋಸಿ, ಗಾಜಿನ ಬಾಟಲಿಗೆ ತುಂಬಿ, 'ಜಾಮ್' ಎಂದು ತಲೆಬರಹ ಕೊಟ್ಟೆ. ಸುದ್ದಿ ಕೈಕೊಟ್ಟಾಗ ತಲೆಬರಹ ಬದಲಿಸುವುದು ನಮ್ಮ ಕಸುಬಿನಲ್ಲಿ ಹೊಸದಲ್ಲ.

ಮಾರನೆಯ ದಿನ ಮೋರಿ ಸಾನ್ ಬಾಟಲಿಯನ್ನು ಪರದೆಯ ಪಕ್ಕದಿಂದ ಎರಡೂ ಕೈಯಲ್ಲಿ ಪಡೆದರು. ಚೆರ್ರಿ ಎಂದೊಡನೆ ಅವರ ಕಣ್ಣು ಅರಳಿತು. ನಾನು ಹುರುಪುಗೊಂಡೆ. ಏಣಿ ಎಲ್ಲಿ ಇಡಬೇಕು, ತೊಟ್ಟನ್ನು ಹೇಗೆ ತಿರುವಬೇಕು, ಹಣ್ಣಾಗಿದೆಯೆಂದು ಬಣ್ಣ ನೋಡಿ ಹೇಗೆ ತಿಳಿಯಬೇಕು ಎಂದು ಸವಿಸ್ತಾರವಾಗಿ ಬೋಧಿಸಿದೆ. ಅವರು ಪ್ರತಿ ಮಾತಿಗೂ "ಹೌದಾ? ಹಾಗಾ?" ಎಂದು ತಲೆದೂಗಿದರು.

ಪಾಠ ಮುಗಿಸಿ ನನ್ನ ಮೇಜಿನತ್ತ ತಿರುಗಿದೆ. ಅಲ್ಲಿ ಒಂದು ಪೆಟ್ಟಿಗೆ. ಒಳಗೆ, ಒಡವೆಯಂಗಡಿಯಲ್ಲಿ ಜೋಡಿಸಿದ ಹಾಗೆ, ಸಾಲು ಸಾಲು ತಾಜಾ ಚೆರ್ರಿ!

"ಇದು ಯಾರದ್ದು?"

"ನಮ್ಮ ಮನೇದು" ಎಂದರು ಮೋರಿ ಸಾನ್, ತಾವೇ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ. "ಯಮಗಾತಾದಲ್ಲಿ ಅಪ್ಪಂಗೆ ಚೆರ್ರಿ ತೋಟ ಇದೆ. ಪ್ರತಿ ಜೂನ್ ಚಹಾದ ಮೇಜಿನ ಮೇಲೆ ಇಡ್ತೀನಲ್ಲ? ಹೋದ ವರ್ಷ ನೀವು ತುಂಬಾ ಇಷ್ಟಪಟ್ಟು ತಿಂದ್ರಿ. ಅದಕ್ಕೇ ಈ ಸಲ ನಿಮಗೆ ಅಂತ ಬೇರೆ ತೆಗೆದಿಟ್ಟೆ."

ಯಾರು, ಏನು, ಎಲ್ಲಿ ಎಂದು ಮೊದಲು ಕೇಳಬೇಕೆಂಬುದು ಡೆಸ್ಕಿನಲ್ಲಿ ಎಷ್ಟೋ ಹೊಸಬರಿಗೆ ನಾನೇ ಹೇಳಿಕೊಟ್ಟ ಪಾಠ. ಎರಡು ಬೇಸಿಗೆ ಆ ಹಣ್ಣು ತಿಂದಿದ್ದೇನೆ. ಯಾರು ತಂದರು ಎಂದು ಒಮ್ಮೆಯೂ ಕೇಳಿರಲಿಲ್ಲ!

ಮುಂದಿನ ವಾರ ಮೋರಿ ಸಾನ್ ಪರದೆಯ ಆಚೆಯಿಂದ ನಮಸ್ಕರಿಸಿದರು.

"ನಿಮ್ಮ ಜಾಮ್ ಅಪ್ಪಂಗೆ ಕಳಿಸಿದ್ದೆ. ತುಂಬಾ ಸಂತೋಷಪಟ್ರು."

"ಏನಂದ್ರು?" ಎಂದೆ. ಕೊನೆಗೂ ಒಂದು ಪ್ರಶ್ನೆ ಕೇಳಿದೆ.

ಅವರು ಮಾಸ್ಕ್ ಸರಿಪಡಿಸಿಕೊಂಡರು.

"ತುಂಬಾ ರುಚಿಯಾಗಿದೆ ಅಂದ್ರು. ಇದು ಯಾವ ಹಣ್ಣಿಂದು ಅಂತ ಕೇಳಿದ್ರು."