ಕೊನೆಯ ಓರೆಗೆರೆಯ ಕಾಟ

ವೆಬ್‌ಸೈಟ್ ನೋಡಿಕೊಳ್ಳುವವನ ಫೋನು ಅವನು ಊಟಕ್ಕೆ ಕೂತಾಗಲೇ ಬಡಿದುಕೊಳ್ಳುತ್ತದೆ. ಆಳಂದದಲ್ಲಿ ನನ್ನದೊಂದು ಪುಟ್ಟ ಅಂಗಡಿ. ಸುತ್ತಲಿನವರಿಗೆ ವೆಬ್‌ಸೈಟ್ ಮಾಡಿಕೊಡುವುದು ಕೆಲಸ. ಈಚೆಗೆ ಸರ್ವರ್ ಬದಲಿಸಿದೆ. ಅಂದಿನಿಂದ ವಿಳಾಸದ ಕೊನೆಗೆ ಒಂದು ಓರೆಗೆರೆ, ಅಂದರೆ ಸ್ಲ್ಯಾಶ್ (/), ಹಾಕದಿದ್ದರೆ ಒಳಗಿನ ಪುಟ ತೆರೆಯದು. ಆ ಗೆರೆ ನನ್ನನ್ನು ಒಂದು ಕಡೆ ಕೂರಗೊಡಲಿಲ್ಲ.

ಗೋಡೆ

ಆಳಂದದ ಒಬ್ಬ ಹೆಡ್‌ಮಾಸ್ತರರು ಶಾಲೆಯ ಗೋಡೆಯ ಮೇಲೆ ಪ್ರವೇಶದ ಪುಟದ ವಿಳಾಸ ಬರೆಸಿದ್ದರು. ಗೆರೆ ಇರಲಿಲ್ಲ. ಪುಟ ತೆರೆಯುತ್ತಿಲ್ಲವೆಂದು ಫೋನು ಮಾಡಿದರು.

"ಕಡೀಕ ಒಂದು ಓರೆ ಗೆರಿ ಹೊಡಸ್ರಿ ಸರ್," ಎಂದೆ.

ಮರುದಿನ ಮತ್ತೆ ಫೋನು. "ಹೊಡಸೇನ್ರಿ. ಈಗ ವಿಳಾಸ ಓದಾಕೇ ಬರವಲ್ದು!"

ಓಡಿಹೋಗಿ ನೋಡಿದೆ. ಪೇಂಟರ್ ಇಡೀ ವಿಳಾಸದ ಮೇಲೆ ಉದ್ದಕ್ಕೆ ಕೆಂಪು ಗೆರೆ ಎಳೆದಿದ್ದ. ಕೇಳಿದರೆ, "ತಪ್ಪಾಗ್ಯಾದ, ಗೆರಿ ಹೊಡಿ ಅಂದ್ರು. ಶಾಲ್ಯಾಗ ತಪ್ಪಿಗಿ ಹಂಗೇ ಹೊಡೀತಿದ್ರಲ್ರೀ!"

ಗಾದಿ

ಅಫಜಲಪುರದ ತೊಗರಿಬೇಳೆ ವ್ಯಾಪಾರಿ ಚಾಚಾ ಗಾಬರಿಯಾಗಿದ್ದರು. "ಸಾಬ್, ಬ್ಯಾಳಿ ಪುಟ ಗಾಯಬ್ ಆಗ್ಯಾದ! ಸೋಲಾಪುರದ ಗಿರಾಕಿ ಕಾಯಾಕತ್ತಾನ!"

"ಕಡೀಕ ಓರೆಗೆರಿ ಹಾಕ್ರಿ ಚಾಚಾ."

"ಯಾವ ಕಡಿಗಿ ವಾಲಬೇಕ್ರಿ?"

"ಬಲಕ್ಕ."

ಅತ್ತ ಚಾಚಾ ಮುಲುಗುವುದು ಕೇಳಿಸಿತು. "ತೆರೀತೇನ್ರಿ?" ಎಂದೆ.

"ಇಲ್ರಿ. ಫೋನ್ ವಾಲಿಸ್ದೆ, ನಾನೂ ವಾಲಿದೆ. ಇನ್ನ ವಾಲಿದ್ರ ಗಾದಿ ಮ್ಯಾಗಿಂದ ಬೀಳ್ತೇನಿ!"

ಮಂಟಪ

ಜನರನ್ನು ತಿದ್ದುವುದು ಸಾಕು, ಸರ್ವರ್ ಅನ್ನೇ ತಿದ್ದೋಣ ಎಂದುಕೊಂಡೆ. ಗೆರೆ ಇಲ್ಲದೆ ಬಂದವರಿಗೆ ಸರ್ವರ್ ತಾನೇ ಗೆರೆ ಹಚ್ಚಿ ಒಳಗೆ ಬಿಡಲಿ ಎಂದು ನಿಯಮ ಬರೆದೆ. ಎಲ್ಲ ಕಡೆ ಸರಿಹೋಯಿತು. ಆದರೆ ಜೇವರ್ಗಿಯ ಮದುವೆ ಮಂಟಪದ ಸೈಟಿನಲ್ಲಿ ಗೆರೆ ಕೀಳುವ ಹಳೆಯ ನಿಯಮವೊಂದು ಉಳಿದಿತ್ತು. ಇದು ಹಚ್ಚುವುದು, ಅದು ಕೀಳುವುದು. ಪುಟ ಬುಗುರಿಯಂತೆ ತಿರುಗತೊಡಗಿತು.

ಮಾಲೀಕರ ಫೋನು ಬಂತು. "ಹೆಣ್ಣಿನ ಕಡೆಯವರು ಮುಂದ ಕುಂತಾರ್ರಿ. ಮಂಟಪದ ಫೋಟೋ ತೋರಸಾಕತ್ತೇನಿ, ಬರೇ ತಿರಗಾಕತ್ತದ. ಇವರು ಎದ್ದು ಹೋದ್ರ ನಿಮ್ಮ ಸೈಟೇ ಬ್ಯಾಡ ನನಗ!"

ಬಾಯಿಗೆ ಒಯ್ದ ರೊಟ್ಟಿ ತಟ್ಟೆಗೆ ಬಿಟ್ಟು, ಎಡಗೈಯಲ್ಲೇ ಟೈಪ್ ಮಾಡುತ್ತ ಹಳೆಯ ನಿಯಮ ಹುಡುಕಿದೆ. ಫೋನಿನಲ್ಲಿ ಹತ್ತು ಜನರ ದನಿ: "ಬಂತೇನು?" "ಇನ್ನೂ ಇಲ್ಲ." "ನಂದು ಹಿಡೀರಿ, ನಂದ್ರಾಗ ನೆಟ್ ಜೋರ್ ಅದ."

ಅಷ್ಟರಲ್ಲಿ ಮದುಮಗಳ ಅಜ್ಜಿ ಗದರಿದ್ದು ಕೇಳಿಸಿತು:

"ಅದರಾಗ ಏನ್ ಹುಡಕಾಕತ್ತೀರಲೇ? ನಾವು ಕುಂತದ್ದು ಮಂಟಪದಾಗೇ ಅಲ್ಲೇನು? ತಲಿ ಎತ್ರಿ! ಛೊಲೋ ಅದ, ಪಕ್ಕಾ ಮಾಡ್ರಿ!"